ವೃತ್ತಿಯ ಕಾಲಂನಲ್ಲಿ ಬರೆದ ‘ಇಲ್ಲ’ ಎಂಬ ಮಾತನ್ನು ಕುರಿತು

ತುಮಕೂರು ಜಿಲ್ಲೆಯ ಮಾನ್ಯ ಜಿಲ್ಲಾಧಿಕಾರಿಗಳಿಗೆ, ಜಿಲ್ಲೆಯ ಹಳ್ಳಿಗಳಲ್ಲಿ ಜನನ–ಮರಣ ನೋಂದಣಿ ಮಾಡುವ ಎಲ್ಲ ಅಧಿಕಾರಿಗಳಿಗೆ ಹಾಗೂ ಜನಗಣತಿಯ ಕೆಲಸ ಮಾಡುವ ನನ್ನ ಸಹೋದ್ಯೋಗಿ ಶಿಕ್ಷಕರಿಗೆ ಒಂದು ಬಹಿರಂಗ ಪತ್ರ

ಮಾನ್ಯರೇ,

ನಮ್ಮ ತಂದೆಯವರು ಕಳೆದ ಕಾರ್ತಿಕ ಮಾಸದಲ್ಲಿ, ಮಧುಗಿರಿ ತಾಲ್ಲೂಕಿನ ನಮ್ಮ ಊರಿನ ಮನೆಯಲ್ಲೇ ತೀರಿಕೊಂಡರು. ಹುಟ್ಟಿದ ದಿನವನ್ನು ಬರೆದಿಟ್ಟವರು ಯಾರೂ ಇಲ್ಲದ ಕಾರಣ ಅವರ ವಯಸ್ಸು ತೊಂಬತ್ತೊಂದೋ ತೊಂಬತ್ತೆರಡೋ ಎಂಬುದು ನಮಗೆ ಖಚಿತವಿಲ್ಲ. ಗಾಂಧೀಜಿಯವರ ಹತ್ಯೆಯಾದ ವರ್ಷ, ಅಂದರೆ 1948ರಲ್ಲಿ, ತಮಗೆ ಹದಿನಾಲ್ಕು ತುಂಬಿತ್ತೆಂದೂ ಆ ವರ್ಷವೇ ನಮ್ಮ ತಾತ ಅವರ ಕೈಗೆ ಸಮ್ಮಟಿಗೆ ಕೊಟ್ಟರೆಂದೂ ಅವರು ಹೇಳುತ್ತಿದ್ದುದೇ ನಮಗಿರುವ ಆಧಾರ. ಅಂದು ಹಿಡಿದ ಸುತ್ತಿಗೆಯನ್ನು ಅವರು ಕೆಳಗಿಟ್ಟದ್ದು 2022ರಲ್ಲಿ, ಕಣ್ಣಿನ ಪೊರೆ ಬೆಳೆದು ಕಾದ ಕಬ್ಬಿಣದ ಬಣ್ಣ ಗೊತ್ತಾಗದಂತಾದ ಮೇಲೆ. 74 ವರ್ಷ ಅವರು ಒಂದೇ ಕುಲುಮೆಯ ಮುಂದೆ ಕೂತು ಕಮ್ಮಾರಿಕೆ ಮಾಡಿದರು.

ಸಾವು ಸಂಭವಿಸಿದ 21 ದಿನದೊಳಗೆ ವರದಿ ಮಾಡಿದರೆ ಶುಲ್ಕವಿಲ್ಲದೆ ನೋಂದಣಿಯಾಗುತ್ತದೆಂಬುದು ತಮಗೆ ತಿಳಿದೇ ಇದೆ. ತಿಥಿಯ ಕೆಲಸ ಮುಗಿಸಿಕೊಂಡು ನನ್ನ ತಮ್ಮ ನಮೂನೆ ತುಂಬಿಸಲು ಕಚೇರಿಗೆ ಹೋದ. ಹೆಸರು, ಊರು, ತೀರಿಕೊಂಡ ದಿನ, ಕಾರಣ ಎಲ್ಲವನ್ನೂ ಬರೆದಾದ ಮೇಲೆ ವೃತ್ತಿಯ ಕಾಲಂ ಬಂದಾಗ ಅಲ್ಲಿದ್ದ ನೌಕರರು ‘ಏನು ಮಾಡ್ತಿದ್ರು?’ ಎಂದು ಕೇಳಿದರು. ಮೂರು ವರ್ಷದಿಂದ ಹಾಸಿಗೆಯ ಮೇಲಿದ್ದ ತಂದೆಯ ಆರೈಕೆ ಮಾಡಿ ಬಳಲಿದ್ದ ನನ್ನ ತಮ್ಮ ‘ಏನೂ ಇಲ್ಲ ಸಾರ್, ಮನೇಲೇ ಇದ್ರು’ ಎಂದ. ವೃತ್ತಿ ಇಲ್ಲದವರಾದರೆ ‘ಇಲ್ಲ’ ಎಂದು ನಮೂದಿಸಬೇಕೆಂಬ ಸೂಚನೆ ಆ ನಮೂನೆಯಲ್ಲೇ ಇದೆ. ಅವರು ಹಾಗೆಯೇ ಬರೆದರು. ಈ ಕಾಲಂ ಮರಣ ಪ್ರಮಾಣಪತ್ರದಲ್ಲಿ ಅಚ್ಚಾಗುವುದಿಲ್ಲ, ಅಂಕಿ–ಅಂಶಕ್ಕೆಂದು ಬೇರೆಯಾಗಿ ಮೇಲಿನ ಕಚೇರಿಗೆ ಹೋಗುವ ಭಾಗದಲ್ಲಿರುತ್ತದೆ. ಹಾಗಾಗಿ ಇದರಿಂದ ನಮಗೆ ಹಣದ ನಷ್ಟವಾಗಲಿ, ಆಸ್ತಿಯ ತೊಡಕಾಗಲಿ ಏನೂ ಇಲ್ಲ. ಆ ನೌಕರರ ಮೇಲೆ ದೂರೂ ಇಲ್ಲ. ಅವರು ಕೇಳಿದರು, ಇವನು ಹೇಳಿದ. ಆದರೆ ನಮ್ಮ ತಾಯಿ ಆ ಸಂಜೆ ‘ಏನೇನು ಬರಕೊಂಡ್ರು?’ ಎಂದು ಒಂದೊಂದನ್ನೇ ವಿಚಾರಿಸುತ್ತಾ ಬಂದು, ಈ ಮಾತಿಗೆ ತಲುಪಿದಾಗ ಬಹಳ ಹೊತ್ತು ಸುಮ್ಮನಿದ್ದರು. ಆಮೇಲೆ ‘ಅವರಿಗೆ ಕಸುಬು ಇರಲಿಲ್ಲ ಅಂದ್ರೆ ನಾನು ಅಷ್ಟು ವರ್ಷ ಸಮ್ಮಟಿಗೆ ಬೀಸಿದ್ದು ಯಾತಕ್ಕೆ?’ ಎಂದರು. ಈ ಪತ್ರ ಬರೆಯುತ್ತಿರುವುದು ಆ ಪ್ರಶ್ನೆಗೆ ನನ್ನಲ್ಲಿ ಉತ್ತರವಿರಲಿಲ್ಲ ಎಂಬ ಕಾರಣಕ್ಕೆ.

ತಂದೆಯವರ ಕಸುಬು ಏನಾಗಿತ್ತೆಂಬುದನ್ನು ಮೊದಲು ದಾಖಲೆಗಾಗಿ ಹೇಳುತ್ತೇನೆ. ನಾನು ಕಂಡಂತೆ ನಮ್ಮ ಊರಿನ ವರ್ಷ ಶುರುವಾಗುತ್ತಿದ್ದುದು ನಮ್ಮ ಕುಲುಮೆಯಲ್ಲಿ. ಯುಗಾದಿ ಕಳೆದು ವರ್ಷದ ಮೊದಲ ಉಳುಮೆಯಾದ ಹೊನ್ನಾರು ಕಟ್ಟುವ ಹೊತ್ತಿಗೆ ನೇಗಿಲ ಗುಳಗಳು ಬಾಗಿಲಲ್ಲಿ ರಾಶಿ ಬೀಳುತ್ತಿದ್ದವು. ಭರಣಿ ಮಳೆ ಬಿತ್ತೆಂದರೆ ಬೆಳಗಿನ ಜಾವ ಮೂರು ಗಂಟೆಗೇ ಇದ್ದಿಲು ಹೊತ್ತಿಕೊಳ್ಳುತ್ತಿತ್ತು, ಏಕೆಂದರೆ ಹದ ಆರುವುದರೊಳಗೆ ಉಳಬೇಕಾದ ರೈತ ಗುಳ ತಟ್ಟಿಸಿಕೊಂಡು ಹೊತ್ತು ಹುಟ್ಟುವ ಮೊದಲೇ ಹೊಲಕ್ಕೆ ಹೋಗಬೇಕಿತ್ತು. ಮುಂಗಾರು ಮುಂದುವರಿದಂತೆ ಕುಂಟೆಯ ತಾಳು, ಕೂರಿಗೆಯ ಮೊನೆ, ಕಡಲೆಕಾಯಿ ಹೊಲದ ಕಳೆಕುಡುಗೋಲು. ಹಸ್ತ ಚಿತ್ತೆಯ ಮಳೆ ಕಳೆದು ರಾಗಿ ತೆನೆ ಬಲಿಯುವಾಗ ಅಲಗಿಗೆ ಹಲ್ಲಿನಂಥ ಕಕ್ಕು ಹಾಕಿಸಿಕೊಳ್ಳಲು ಬರುವ ಹೆಂಗಸರ ಕೊಯ್ಲಿನ ಕುಡುಗೋಲುಗಳು. ಬೇಸಿಗೆಯಲ್ಲಿ ಗುದ್ದಲಿ, ಹಾರೆ, ಪಿಕಾಸಿ, ಗಾಡಿಯ ಕೀಲು, ಎತ್ತಿನ ಲಾಳ. ಅಮಾವಾಸ್ಯೆಯ ದಿನ ಮಾತ್ರ ಬೆಂಕಿ ಹೊತ್ತಿಸುತ್ತಿರಲಿಲ್ಲ. ಆಯುಧಪೂಜೆಯ ದಿನ, ಕಾದ ಕಬ್ಬಿಣವನ್ನಿಟ್ಟು ಬಡಿಯುವ ಅಡಿಗಲ್ಲನ್ನು ತೊಳೆದು, ವಿಭೂತಿ ಇಟ್ಟು, ಹೂವೇರಿಸಿ, ಅದಕ್ಕೆ ಕಾಯಿ ಒಡೆದ ಮೇಲೆಯೇ ಮನೆಯಲ್ಲಿ ಎಲೆ ಹಾಕುತ್ತಿದ್ದರು.

ಅವರ ಕೆಲಸದಲ್ಲಿ ನನಗೆ ಅತ್ಯಂತ ದೊಡ್ಡದಾಗಿ ಕಾಣುತ್ತಿದ್ದುದು ಗಾಡಿಚಕ್ರಕ್ಕೆ ಪಟ್ಟೆ ಏರಿಸುವುದು. ನೆರೆಯೂರಿನ ಬಡಗಿಯೊಬ್ಬರು ಜಾಲಿಮರದಲ್ಲಿ ಚಕ್ರದ ನಡುವಿನ ಗುಂಬ, ಅದಕ್ಕೆ ಸೇರುವ ಅರಗಳನ್ನು ಕಟೆದು ಚಕ್ರ ಕೂಡಿಸಿ ತರುತ್ತಿದ್ದರು. ತಂದೆಯವರು ಆ ಚಕ್ರದ ಸುತ್ತಳತೆಯನ್ನು ಹುರಿಯಿಂದ ಹಿಡಿದು, ಕಬ್ಬಿಣದ ಪಟ್ಟೆಯನ್ನು ಅದಕ್ಕಿಂತ ಎರಡು ಬೆರಳಷ್ಟು ಕಡಿಮೆ ಬರುವಂತೆ ಬಗ್ಗಿಸಿ, ತುದಿಗಳನ್ನು ಕಾಯಿಸಿ ಬಡಿದು ಬೆಸೆಯುತ್ತಿದ್ದರು. ಬಯಲಿನಲ್ಲಿ ಆ ಬಳೆಯನ್ನು ಮಲಗಿಸಿ ಸುತ್ತ ಬೆರಣಿ ಪೇರಿಸಿ ಬೆಂಕಿಯಿಟ್ಟರೆ, ಅದು ಕೆಂಪಗೆ ಕಾದು, ಕಡಿಮೆ ಬಿದ್ದ ಆ ಎರಡು ಬೆರಳಷ್ಟು ಹಿಗ್ಗುತ್ತಿತ್ತು. ನಾಲ್ಕು ಜನ ಇಕ್ಕಳ ಹಿಡಿದು ಎತ್ತಿ ಮರದ ಚಕ್ರದ ಮೇಲೆ ಕೂರಿಸಿದ ಕೂಡಲೇ ಮರ ಹೊತ್ತಿಕೊಳ್ಳುತ್ತಿತ್ತು. ಆ ಕ್ಷಣದಲ್ಲಿ ನಾವು ಮಕ್ಕಳೆಲ್ಲ ಕೊಡಗಳಲ್ಲಿ ನೀರು ಹಿಡಿದು ಕಾದಿರುತ್ತಿದ್ದೆವು; ಅವರು ‘ಹುಯ್ಯಿ’ ಎಂದರೆ ಹುಯ್ಯಬೇಕು, ಅದಕ್ಕೆ ಮೊದಲೂ ಇಲ್ಲ, ಆಮೇಲೂ ಇಲ್ಲ. ನೀರು ಬಿದ್ದ ಪಟ್ಟೆ ಕುಗ್ಗುತ್ತಾ ಅರಗಳನ್ನೆಲ್ಲ ಗುಂಬದೊಳಕ್ಕೆ ಒತ್ತಿ, ಚಕ್ರದ ಕೀಲುಕೀಲೂ ‘ಕಟಕಟ’ ಎಂದು ಬಿಗಿದುಕೊಳ್ಳುವ ಸದ್ದನ್ನು ಕೇಳಿಸಿಕೊಂಡೇ ಅವರು ಎದ್ದು ನಿಲ್ಲುತ್ತಿದ್ದರು. ಒಂದು ಮೊಳೆಯನ್ನೂ ಹೊಡೆಯದೆ ನಿಂತ ಆ ಪಟ್ಟೆ ವರ್ಷಗಟ್ಟಲೆ ಕಲ್ಲುದಾರಿಯ ಮೇಲೆ ಉರುಳುತ್ತಿತ್ತು. ಹೆಬ್ಬೆಟ್ಟು ಒತ್ತುವುದನ್ನು ಬಿಟ್ಟರೆ ಕಾಗದದ ಮೇಲೆ ಏನೂ ಬರೆಯಲಾರದ ಮನುಷ್ಯ ಲೋಹ ಎಷ್ಟು ಹಿಗ್ಗುತ್ತದೆ, ಎಷ್ಟು ಕುಗ್ಗುತ್ತದೆ ಎಂಬುದನ್ನು ಬೆರಳಳತೆಯಲ್ಲಿ ಬಲ್ಲವರಾಗಿದ್ದರು. ಕಾಸಿದರೆ ಹಿಗ್ಗುವ ಪಾಠವನ್ನು ನಾನು ಶಾಲೆಯಲ್ಲಿ ಮಾಡುವಾಗಲೆಲ್ಲ ಪಠ್ಯದ ಉಂಗುರ–ಗುಂಡಿನ ಪ್ರಯೋಗವನ್ನು ಬಿಟ್ಟು ಈ ಚಕ್ರವನ್ನೇ ಹೇಳುತ್ತಾ ಬಂದಿದ್ದೇನೆ.

ಉಕ್ಕಿನ ವಿಷಯವನ್ನೂ ಹೇಳಬೇಕು. ಹಳೆಯ ಲಾರಿಗಳ ಕಮಾನುಪಟ್ಟಿಯನ್ನು ಅವರು ತೂಕಕ್ಕೆ ತಂದು ಕುಡುಗೋಲು, ಮಚ್ಚು ಮಾಡುತ್ತಿದ್ದರು. ಬಾಯಿಯ ಭಾಗವನ್ನು ಕಾಯಿಸಿ ನೀರಿಗೆ ಅದ್ದಿ ತೆಗೆದು, ಕಲ್ಲಿಗೆ ಉಜ್ಜಿ ಬೆಳ್ಳಗೆ ಮಾಡಿ, ಹಿಂಬದಿಯ ಕಾವು ಮೆಲ್ಲಗೆ ಬಾಯಿಯ ಕಡೆಗೆ ಹರಿಯುವುದನ್ನು ನೋಡುತ್ತಾ ಕೂರುತ್ತಿದ್ದರು. ಒಣಹುಲ್ಲಿನ ಬಣ್ಣ ಮೊದಲು, ಆಮೇಲೆ ನೇರಳೆ, ಆಮೇಲೆ ನೀಲಿ. ಯಾವ ಬಣ್ಣಕ್ಕೆ ಮತ್ತೆ ನೀರಿಗಿಳಿಸಬೇಕೆಂಬುದು ಆಯುಧ ಕೊಯ್ಯುವುದಕ್ಕೋ ಕಡಿಯುವುದಕ್ಕೋ ಎಂಬುದರ ಮೇಲೆ ನಿಂತಿತ್ತು. ಹುಲ್ಲುಬಣ್ಣದಲ್ಲಿ ನಿಲ್ಲಿಸಿದ್ದು ಗಡುಸಾಗಿ ಅಲಗು ಹಿಡಿಯುತ್ತದೆ, ನೀಲಿಯವರೆಗೆ ಬಿಟ್ಟದ್ದು ಪೆಟ್ಟು ತಾಳುತ್ತದೆ. ಬಿಸಿಲಿನಲ್ಲಿ ಈ ಬಣ್ಣಗಳು ಸರಿಯಾಗಿ ಕಾಣುವುದಿಲ್ಲವಾದ್ದರಿಂದ ನಮ್ಮ ಕುಲುಮೆಗೆ ಕಿಟಕಿಯೇ ಇರಲಿಲ್ಲ. ಆ ಕತ್ತಲು, ಆ ಕಾವು, ಆ ದಿಟ್ಟಿಸುವಿಕೆ ಸೇರಿ ಅವರ ಕಣ್ಣಿಗೆ ಏನು ಮಾಡಿದವೆಂದು ನಾನು ವೈದ್ಯರಲ್ಲದ ಕಾರಣ ಹೇಳಲಾರೆ.

ದುಡಿಮೆಗೆ ಬರುತ್ತಿದ್ದುದು ಹಣವಲ್ಲ, ಆಯ. ಸುಗ್ಗಿಯಲ್ಲಿ ಕಣದ ರಾಶಿಯಿಂದ ನೇಗಿಲಿಗೆ ಇಷ್ಟೆಂದು ಕೊಳಗದ ಲೆಕ್ಕದಲ್ಲಿ ಅಳೆದುಕೊಡುವ ರಾಗಿ. ಹನ್ನೆರಡು ಆಯಗಾರರಲ್ಲಿ ಕಮ್ಮಾರನೂ ಒಬ್ಬ ಎಂದು ಆ ಪದ್ಧತಿಯನ್ನು ಈಗ ಹಲವರು ಹೊಗಳುತ್ತಾರೆ, ನಾನು ಹೊಗಳುವವಳಲ್ಲ. ಮಳೆ ಬಾರದ ವರ್ಷ ಗುಳವನ್ನು ತಟ್ಟಿಕೊಟ್ಟಿದ್ದರೂ ಕಣದಲ್ಲಿ ಏನೂ ಇರುತ್ತಿರಲಿಲ್ಲ, ಮತ್ತು ಮಧುಗಿರಿ, ಪಾವಗಡ, ಶಿರಾ ಸೀಮೆಯಲ್ಲಿ ಮಳೆ ಬಾರದ ವರ್ಷಗಳು ಅಪರೂಪವಲ್ಲ. ಅಂತಹ ವರ್ಷಗಳಲ್ಲಿ ತಂದೆಯವರು ಒಂದಿಷ್ಟು ಕುಡುಗೋಲು, ಈಳಿಗೆಮಣೆ, ಎತ್ತಿನ ಸರಂಜಾಮು ಮಾಡಿಕೊಂಡು, ಯಾರದಾದರೂ ಗಾಡಿಯಲ್ಲಿ ಶಿವರಾತ್ರಿಯ ಹೊತ್ತಿಗೆ ಸಿದ್ಧಗಂಗೆಯ ದನಗಳ ಜಾತ್ರೆಗೆ ಹೋಗುತ್ತಿದ್ದರು. ವಾರ ಬಿಟ್ಟು ಬರುವಾಗ ಎಷ್ಟು ಮಾರಾಟವಾಯಿತೆಂದು ಅಮ್ಮನಿಗೆ ಲೆಕ್ಕ ಒಪ್ಪಿಸುವ ಮೊದಲು ಟವೆಲ್ಲಿನ ಗಂಟು ಬಿಚ್ಚಿ ಪುರಿ, ಬತ್ತಾಸು ನಮ್ಮ ನಾಲ್ವರಿಗೂ ಸಮನಾಗಿ ಹಂಚುತ್ತಿದ್ದರು. ಮಠದಲ್ಲಿ ದಾಸೋಹದ ಊಟ ಸಿಗುತ್ತಿದ್ದರಿಂದ ತಮ್ಮ ಹೊಟ್ಟೆಗೆಂದು ಒಂದು ಕಾಸನ್ನೂ ಖರ್ಚು ಮಾಡಲಿಲ್ಲವೆಂದು ಹೆಮ್ಮೆಯಿಂದ ಹೇಳುತ್ತಿದ್ದರು.

ನಾನು ಓದಿದ್ದು ಆ ಕುಡುಗೋಲುಗಳಿಂದ. ಮನೆಯ ಹಿರಿಯ ಮಗಳಾದ ನನ್ನನ್ನು ಹತ್ತನೆಯ ತರಗತಿಯ ನಂತರ ಬಿಡಿಸುವಂತೆ ಬಂಧುಗಳು ಹೇಳಿದಾಗ ಅವರು ಯಾರೊಂದಿಗೂ ವಾದ ಮಾಡಲಿಲ್ಲ. ಶಿಕ್ಷಕರ ತರಬೇತಿಯಾದ ಟಿಸಿಎಚ್ ಸೇರಲು ಬೇಕಾದ ಹಣಕ್ಕೆ ಎರಡು ತಿಂಗಳು ಹಗಲಿನ ಕೆಲಸ ಮುಗಿದ ಮೇಲೆ ರಾತ್ರಿಯೂ ಕುಲುಮೆ ಹೊತ್ತಿಸಿದರು, ಅಷ್ಟೆ. ಅಮ್ಮ ಸಮ್ಮಟಿಗೆ ಬೀಸುತ್ತಿದ್ದರು, ನಾನು ತಿದಿ ಒತ್ತುತ್ತಿದ್ದೆ, ಅವರು ಚಿಕ್ಕ ಸುತ್ತಿಗೆಯಿಂದ ಪೆಟ್ಟು ಬೀಳಬೇಕಾದ ಜಾಗವನ್ನು ತಟ್ಟಿ ತೋರಿಸುತ್ತಿದ್ದರು. ಆ ಚಿಕ್ಕ ಸುತ್ತಿಗೆಯ ಸದ್ದು ಅಡಿಗಲ್ಲಿನ ಬದಿಗೆ ಸರಿದರೆ ಅಮ್ಮ ನಿಲ್ಲಿಸಬೇಕೆಂದು ಅರ್ಥ. ಅವರಿಬ್ಬರೂ ಜೀವಮಾನದಲ್ಲಿ ಆಡಿದ ಮಾತಿಗಿಂತ ಆ ಎರಡು ಸುತ್ತಿಗೆಗಳು ಆಡಿದ್ದೇ ಹೆಚ್ಚಿರಬೇಕು. ಮದುವೆಯಾಗಿ ಹೊರಟ ನನಗೂ ತಂಗಿಗೂ, ಆಮೇಲೆ ಮೊಮ್ಮಕ್ಕಳಿಗೂ ಅವರು ತಾವೇ ಮಾಡಿದ ಒಂದೊಂದು ಈಳಿಗೆಮಣೆ ಕೊಟ್ಟರು. ಅಲಗಿನ ಬುಡದಲ್ಲಿ ಚಾಣದಿಂದ ಒತ್ತಿದ ಮೂರು ಚುಕ್ಕಿ ಅವರ ಗುರುತು. ನನ್ನದು ಮೂವತ್ತು ವರ್ಷ ಸವೆದು ಅರ್ಧ ಅಗಲವಾಗಿದೆ, ಚುಕ್ಕಿಗಳು ಹಾಗೆಯೇ ಇವೆ.

ಟ್ರ್ಯಾಕ್ಟರ್ ಬಂದ ಮೇಲೆ ನೇಗಿಲುಗಳು ಅಟ್ಟ ಸೇರಿದವು, ಗಾಡಿಗಳಿಗೆ ಟೈರು ಬಂತು, ಕಾರ್ಖಾನೆಯ ಕುಡುಗೋಲು ಸಂತೆಯಲ್ಲಿ ಅಗ್ಗಕ್ಕೆ ಸಿಗತೊಡಗಿತು. ತಂದೆಯವರು ಕಲ್ಟಿವೇಟರಿನ ಕುಳಗಳನ್ನು ತಟ್ಟುವುದಕ್ಕೆ, ಕಾಯಿ ಸುಲಿಯುವ ಹಾರೆಗಳನ್ನು ಮಾಡುವುದಕ್ಕೆ ಕೈ ತಿರುಗಿಸಿಕೊಂಡರು. ಚರ್ಮದ ತಿದಿಯ ಜಾಗಕ್ಕೆ ಕೈಯಿಂದ ತಿರುಗಿಸುವ ಗಾಳಿಯಂತ್ರವೂ, ಆಮೇಲೆ ಕರೆಂಟಿನದೂ ಬಂತು. ಕೊನೆಯ ಹತ್ತು ವರ್ಷ ದಿನಕ್ಕೆ ಎರಡು ಮೂರು ಗಂಟೆಯ ಕೆಲಸವಿದ್ದರೆ ಹೆಚ್ಚು, ಆದರೂ ಬಾಗಿಲು ತೆಗೆಯದ ದಿನವಿರಲಿಲ್ಲ. ಈ ವರ್ಷಗಳಲ್ಲಿಯೇ ಸರ್ಕಾರದ ಯಂತ್ರ ಅವರ ಬೆರಳನ್ನು ಗುರುತಿಸುವುದನ್ನು ಬಿಟ್ಟಿತ್ತು. ಇದ್ದಿಲು, ಕಾವು, ಹಿಡಿಕೆಗಳು ಸೇರಿ ಸವೆಸಿದ ಹೆಬ್ಬೆರಳಿನಲ್ಲಿ ಗೆರೆಗಳು ಉಳಿದಿರಲಿಲ್ಲವಾದ್ದರಿಂದ ಪಡಿತರ ತರಲು ಹೋದಾಗ ಹತ್ತೂ ಬೆರಳನ್ನು ಒಂದಾದ ಮೇಲೊಂದು ಒತ್ತಿ ನೋಡಿ, ಕಡೆಗೆ ತಮ್ಮನ ಬೆರಳಿನಿಂದ ಅಕ್ಕಿ ತರಬೇಕಾಗುತ್ತಿತ್ತು. ಅವರ ಕಸುಬಿಗೆ ಅದಕ್ಕಿಂತ ದೊಡ್ಡ ದಾಖಲೆ ಬೇಕಿರಲಿಲ್ಲ, ಆದರೆ ಯಂತ್ರ ಅದನ್ನು ದೋಷವೆಂದು ಓದಿತು.

ಈಗ ನಾನು ನನ್ನ ತಪ್ಪನ್ನೂ ಹೇಳಿಕೊಳ್ಳಬೇಕು. 2011ರ ಫೆಬ್ರವರಿಯಲ್ಲಿ ಜನಗಣತಿಯ ಗಣತಿದಾರಳಾಗಿ ನಾನು ನೂರಾರು ಮನೆಗಳ ಬಾಗಿಲಿಗೆ ಹೋಗಿದ್ದೆ. ಕಳೆದ ಒಂದು ವರ್ಷದಲ್ಲಿ ಯಾವಾಗಲಾದರೂ ಕೆಲಸ ಮಾಡಿದ್ದಾರೆಯೇ ಎಂದು ಕೇಳಬೇಕು, ಆರು ತಿಂಗಳು ಅಥವಾ ಹೆಚ್ಚು ದುಡಿದಿದ್ದರೆ ಮುಖ್ಯ ಕೆಲಸಗಾರ, ಅದಕ್ಕಿಂತ ಕಡಿಮೆಯಾದರೆ ಅಲ್ಪಾವಧಿ ಕೆಲಸಗಾರ ಎಂದು ಬರೆಯಬೇಕು ಎಂದು ತರಬೇತಿಯಲ್ಲಿ ಹೇಳಿಕೊಟ್ಟಿದ್ದರು. ಒಂದು ಮನೆಯಲ್ಲಿ ಎಪ್ಪತ್ತು ದಾಟಿದ ಕುಂಬಾರರೊಬ್ಬರು ಜಗುಲಿಯ ಮೇಲೆ ಕೂತಿದ್ದರು. ಹಿತ್ತಲಲ್ಲಿ ಆವಿಗೆ ಇತ್ತು, ಹಣತೆಗಳ ಒಡೆದ ಚೂರುಗಳಿದ್ದವು. ಅವರ ಸೊಸೆ ‘ವಯಸ್ಸಾಗಿದೆ, ಏನೂ ಮಾಡಲ್ಲ’ ಎಂದಳು, ನಾನು ‘ಅವಲಂಬಿತ’ ಎಂದು ಗುರುತು ಹಾಕಿ ಮುಂದಿನ ಮನೆಗೆ ಹೋದೆ. ದೀಪಾವಳಿಗೆ ಮುಂಚೆ ಎಷ್ಟು ದಿನ ಚಕ್ರದ ಮುಂದೆ ಕೂತಿದ್ದಿರಿ ಎಂದು ಅವರನ್ನೇ ಒಂದು ಮಾತು ಕೇಳಿದ್ದರೆ ಅವರು ಅಲ್ಪಾವಧಿ ಕೆಲಸಗಾರರಾಗಿಯಾದರೂ ಎಣಿಕೆಗೆ ಸಿಗುತ್ತಿದ್ದರು. ಆ ಹೊತ್ತಿನಲ್ಲಿ ನನ್ನ ಸ್ವಂತ ತಂದೆ ಎಪ್ಪತ್ತೇಳರಲ್ಲಿ ಕುಲುಮೆಯ ಮುಂದಿದ್ದರು. ಅವರನ್ನು ಎಣಿಸಲು ಹೋದ ಗಣತಿದಾರರು ಏನು ಬರೆದುಕೊಂಡರೋ, ನಾನು ವಿಚಾರಿಸಲೂ ಇಲ್ಲ. ಹಾಗೆಯೇ ನಮ್ಮ ತಾಯಿಯಂಥವರನ್ನು ಎಷ್ಟು ಮನೆಗಳಲ್ಲಿ ‘ಮನೆಗೆಲಸ’ ಎಂದು ಬರೆದಿದ್ದೇನೆಂಬುದಕ್ಕೆ ನನ್ನಲ್ಲಿ ಲೆಕ್ಕವಿಲ್ಲ.

ಈ ಸೀಮೆಯ ಕುಲುಮೆಗಳನ್ನು ಬರೆದಿಡುವುದು ಯಾರಿಗೂ ತೋಚದ ಕೆಲಸವೇನಲ್ಲ. 1800ರಲ್ಲಿ, ಟಿಪ್ಪು ಸುಲ್ತಾನ್ ಮಡಿದ ಮರುವರ್ಷ, ಈಸ್ಟ್ ಇಂಡಿಯಾ ಕಂಪನಿ ಕಳುಹಿಸಿದ ಫ್ರಾನ್ಸಿಸ್ ಬುಕಾನನ್ ಎಂಬ ವೈದ್ಯ ಮಧುಗಿರಿ, ಚೆನ್ನರಾಯನದುರ್ಗದ ಸುತ್ತ ಓಡಾಡಿ, ಮಳೆನೀರು ಬೆಟ್ಟದಿಂದ ತೊಳೆದು ತರುವ ಕಪ್ಪುಮರಳಿನಿಂದ ಕಬ್ಬಿಣ ಇಳಿಸುವುದನ್ನೂ ಅದರಿಂದ ಉಕ್ಕು ಮಾಡುವುದನ್ನೂ ಕಂಡು, ಎಷ್ಟು ಜನ ಸೇರಿ ಮಾಡುತ್ತಾರೆ, ಯಾರಿಗೆ ಎಷ್ಟು ಪಾಲು ಎಂಬುದರವರೆಗೆ ವಿಚಾರಿಸಿ ಬರೆದುಕೊಂಡ. ಆತ ನಮ್ಮವನಲ್ಲ, ಬಂದದ್ದು ಗೆದ್ದ ನಾಡಿನಲ್ಲಿ ಏನಿದೆಯೆಂದು ನೋಡುವುದಕ್ಕೆ, ಆದರೂ ಕೇಳಿದ. ಇತ್ತ 2023ರ ಸೆಪ್ಟೆಂಬರ್ 17ರಂದು ಆರಂಭವಾದ ಪ್ರಧಾನಮಂತ್ರಿ ವಿಶ್ವಕರ್ಮ ಯೋಜನೆಯ 18 ಕಸುಬುಗಳಲ್ಲಿ ಕಮ್ಮಾರಿಕೆಯೂ ಸೇರಿದೆ, ಉಪಕರಣಗಳಿಗೆಂದು 15,000 ರೂಪಾಯಿ ಕೊಡುವ ಏರ್ಪಾಡೂ ಅದರಲ್ಲಿದೆ. ಬದುಕಿರುವ ಕಸುಬುದಾರನ ಹೆಸರಿನ ಮುಂದೆ ಕಮ್ಮಾರ ಎಂದು ಬರೆಯುವ ಅದೇ ಸರ್ಕಾರ, ಸತ್ತ ದಿನ ಆತನಿಗೆ ಕಸುಬೇ ಇರಲಿಲ್ಲವೆಂದು ಬರೆಯಬಾರದು.

ಆದ್ದರಿಂದ ತಮ್ಮಲ್ಲಿ ನನ್ನ ಬೇಡಿಕೆ ಇಷ್ಟೆ. ನೋಂದಣಿ ಮಾಡುವ ನೌಕರರಿಗೆ, ವಯಸ್ಸಾದವರ ಸಾವು ವರದಿಯಾದಾಗ ‘ಏನು ಮಾಡುತ್ತಿದ್ದರು’ ಎಂದು ಕೇಳುವ ಬದಲು ‘ಜೀವಮಾನವೆಲ್ಲ ಯಾವ ಕಸುಬು ಮಾಡಿದರು’ ಎಂದು ಕೇಳಬೇಕೆಂದು ಜಿಲ್ಲೆಯ ಮಟ್ಟದಲ್ಲಿ ಒಂದು ಸುತ್ತೋಲೆ ಹೊರಡಿಸಿ. ಅದಕ್ಕೆ ಹೊಸ ನಮೂನೆ ಬೇಡ, ಹೊಸ ಕಾಯ್ದೆ ಬೇಡ, ಒಂದು ಪೈಸೆಯ ಖರ್ಚಿಲ್ಲ. ಹೆಂಗಸರ ವಿಷಯದಲ್ಲಿ ‘ಗೃಹಿಣಿ’ ಎಂದು ಬರೆಯುವ ಮೊದಲು ಗಂಡನ ಕಸುಬಿನಲ್ಲಿ ಕೈ ಜೋಡಿಸುತ್ತಿದ್ದರೇ ಎಂದು ಕೇಳುವಂತೆಯೂ ತಿಳಿಸಿ. 2027ರ ಜನಗಣತಿಗೆ ಮನೆಮನೆಗೆ ಹೋಗುವ ನನ್ನ ಸಹೋದ್ಯೋಗಿಗಳೇ, ಜಗುಲಿಯ ಮೇಲೆ ಕೂತ ಮುದುಕರ ಬಗ್ಗೆ ಸೊಸೆಯನ್ನು ಕೇಳಿ ಮುಂದೆ ಹೋಗಬೇಡಿ, ಅವರನ್ನೇ ಕೇಳಿ. ಕೈ ನೋಡಿ ಕೇಳಿ. ನಾನು ಮಾಡದೆ ಬಿಟ್ಟದ್ದನ್ನು ನೀವು ಮಾಡಿ.

ನಮ್ಮ ತಂದೆಯವರ ವಿಷಯ. ಜನನ ಮರಣ ನೋಂದಣಿ ಅಧಿನಿಯಮ 1969ರ 15ನೆಯ ಪ್ರಕರಣದಂತೆ ನೋಂದಣಿ ಪುಸ್ತಕದಲ್ಲಿನ ತಪ್ಪನ್ನು ತಿದ್ದಲು ಅವಕಾಶವಿದೆ, ನಿಯಮಗಳಂತೆ ಅದಕ್ಕೆ ವಿಷಯ ಬಲ್ಲ ಇಬ್ಬರು ನಂಬಿಕಸ್ಥರ ಹೇಳಿಕೆ ಬೇಕು. ವೃತ್ತಿಯ ಕಾಲಂ ಅಂಕಿ–ಅಂಶದ ಭಾಗಕ್ಕೆ ಸೇರಿದ್ದಾದರೂ ನಾನು ಅದೇ ಕ್ರಮವನ್ನು ಅನುಸರಿಸಿ ಇಬ್ಬರ ಹೇಳಿಕೆಗಳನ್ನು ಬರೆಸಿ ಅರ್ಜಿಯೊಂದಿಗೆ ಲಗತ್ತಿಸಿದ್ದೇನೆ. ಒಬ್ಬರು ನಲವತ್ತು ಸುಗ್ಗಿ ನಮ್ಮ ಕುಲುಮೆಯಲ್ಲೇ ಕುಡುಗೋಲಿಗೆ ಕಕ್ಕು ಹಾಕಿಸಿಕೊಂಡ ಊರಿನ ಅಜ್ಜಿ. ತಮ್ಮ ಮನೆಯ ಕುಡುಗೋಲನ್ನೇ ತಂದು ಅದರ ಮೂರು ಚುಕ್ಕಿಯನ್ನು ತೋರಿಸಿ, ಇದನ್ನೂ ಕಾಗದದ ಜೊತೆ ಕಳುಹಿಸು ಎಂದರು. ಅದನ್ನು ಮಾತ್ರ ನಾನು ಹಿಂದಿರುಗಿಸಿದೆ. ಇನ್ನೊಬ್ಬರು ನೆರೆಯೂರಿನ ಆ ಬಡಗಿ. ಎಂಬತ್ತೈದು ದಾಟಿದ ಅವರು ಈಗ ಉಳಿ ಹಿಡಿಯುವುದಿಲ್ಲ. ಹೇಳಿಕೆಯ ಕೊನೆಗೆ ಹೆಸರು, ವಯಸ್ಸು ಬರೆದುಕೊಂಡು ವೃತ್ತಿ ಎಂಬಲ್ಲಿಗೆ ಬಂದಾಗ ಅವರ ಮೊಮ್ಮಗ ‘ಈಗೇನೂ ಇಲ್ಲ’ ಎನ್ನುತ್ತಿದ್ದ. ನಾನು ಪೆನ್ನು ಎತ್ತಿ ಹಿಡಿದು ಅವರ ಕಡೆಗೆ ತಿರುಗಿ, ‘ದೊಡ್ಡಪ್ಪ, ನಿಮ್ಮ ಕಸುಬು ಏನಂತ ಬರೀಲಿ?’ ಎಂದು ಕೇಳಿದೆ. ಅವರು ಹೆಬ್ಬೆಟ್ಟಿಗೆ ಮಸಿ ಹಚ್ಚಿಕೊಳ್ಳುತ್ತಲೇ ‘ಬಡಗಿ ಅಂತ ಬರಕೊಳ್ಳಮ್ಮ, ನಿಮ್ಮಪ್ಪನ ಪಟ್ಟೆಗೆ ಚಕ್ರ ಮಾಡ್ತಿದ್ದೋನು’ ಎಂದರು. ಹಾಗೆಯೇ ಬರೆದಿದ್ದೇನೆ.

ಇಂತಿ ತಮ್ಮ ವಿಶ್ವಾಸಿ,
ಮಧುಗಿರಿ ತಾಲ್ಲೂಕಿನ ಒಬ್ಬ ಕಮ್ಮಾರ ದಂಪತಿಯ ಹಿರಿಯ ಮಗಳು,
ಪ್ರಾಥಮಿಕ ಶಾಲಾ ಶಿಕ್ಷಕಿ